‘ಸೇಫ್ಟಿ ಟ್ಯಾಂಕ್’ ಯಾರಿಗೆ ಸೇಫ್ಟಿ?

ಸೊಲ್ಲಾಪುರ, ಅಕ್ಕಲಕೋಟ ಕಡೆಯ ನಮ್ಮ ಹಳ್ಳಿಗಳಲ್ಲಿ ಸೆಪ್ಟಿಕ್ ಟ್ಯಾಂಕಿಗೆ ‘ಸೇಫ್ಟಿ ಟ್ಯಾಂಕ್’ ಅಂತಾರೆ. ಗವಂಡಿಯೂ ಹಾಗೇ ಅಂತಾನೆ, ಮನೆ ಯಜಮಾನನೂ ಹಾಗೇ ಅಂತಾನೆ. ಹೆಸರಿನಲ್ಲೇ ಸೇಫ್ಟಿ ಇದೆಯಲ್ಲ ಎಂದು ಫರಸಿ ಮುಚ್ಚಿ ಮರೆತುಬಿಡುತ್ತೇವೆ. ಆ ಸೇಫ್ಟಿ ಯಾರಿಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾನೂ ಕೇಳಿರಲಿಲ್ಲ. ಕಳೆದ ಮಳೆಗಾಲದಲ್ಲಿ ಮೊಮ್ಮಗನಿಗೆ ವಾಂತಿ-ಭೇದಿ ಹತ್ತಿತು. ಡಾಕ್ಟರು ಸಲಾಯಿನ್ ಹಚ್ಚಿ, “ಮನ್ಯಾಗ ಯಾವ ನೀರು ಕುಡೀತೀರಿ?” ಅಂದರು. “ನಮ್ಮದೇ ಬಾವಿ ನೀರ್ರಿ, ಎಳನೀರಿನಂಗ ಐತಿ” ಅಂದೆ. ಊರಿನ ಆಶಾ ಕಾರ್ಯಕರ್ತೆ ಒಂದು ಸಣ್ಣ ಬಾಟಲಿ ಕೊಟ್ಟಳು. ಗುರುತಿನ ತನಕ ಬಾವಿ ನೀರು ತುಂಬಿ ಇಟ್ಟೆವು. ಮರುದಿನ ನೋಡಿದರೆ ನೀರು ಮಸಿಯಂತೆ ಕರ್ರಗಾಗಿತ್ತು. ಮಲದ ಹೊಲಸು ಸೇರಿರುವ ಸಂಶಯವಿದ್ದರೆ ಆ ಬಾಟಲಿ ಹಾಗೆ ಕಪ್ಪಾಗುತ್ತದೆ.

ಮೊದಲು ಸಿಟ್ಟು ಬಂದದ್ದು ಬಾಜೂ ಮನೆಯವರ ಮೇಲೆ. ಟೇಪು ಹಿಡಿದು ಅಳೆದೆ. ಅವರ ಗುಂಡಿ ನಮ್ಮ ಬಾವಿಗೆ 25 ಅಡಿ. ಟೇಪು ಕೈಯಲ್ಲೇ ಇತ್ತು, ನಮ್ಮ ಗುಂಡಿಯಿಂದಲೂ ಅಳೆದೆ. ಹಿಂದಿನ ಮನೆಯವರ ಬೋರಿಗೆ ಅದು 18 ಅಡಿ! ಜಗಳಕ್ಕೆ ಹೊರಟವನು ಬಾಯಿ ಮುಚ್ಚಿಕೊಂಡು ಕೂತೆ.

ಬಾವಿಗೂ ಗುಂಡಿಗೂ ಕನಿಷ್ಠ 50 ಅಡಿ ಇರಬೇಕು, ಬಾವಿ ಎತ್ತರದ ಕಡೆ ಇರಬೇಕು ಎಂದು ಆರೋಗ್ಯ ಶಾಸ್ತ್ರ ಹೇಳುತ್ತದೆ. ನಮ್ಮ ನೆಲದಲ್ಲಿ ಅದೂ ಪೂರಾ ಭರವಸೆಯಲ್ಲ. ಇದು ದಖ್ಖನ್ನಿನ ಕರಿಕಲ್ಲಿನ ನೆಲ. ಮೇಲೆ ಎರೆಮಣ್ಣು, ಕೆಳಗೆ ಗರಸು, ಅದರ ಕೆಳಗೆ ಬಿರುಕು ಬಿಟ್ಟ ಬಂಡೆ. ಮಣ್ಣು ಹೊಲಸನ್ನು ಸೋಸುತ್ತದೆ, ನಿಜ. ಆದರೆ ನಾವು ಮಣ್ಣು ದಾಟಿ ಗರಸಿನ ತನಕ ತೋಡಿ, “ನೀರು ಚಲೋ ಇಂಗತೈತಿ” ಎಂದು ಖುಷಿಪಡುತ್ತೇವೆ. ಬಂಡೆಯ ಬಿರುಕಿನಲ್ಲಿ ನೀರು ಸೋಸುವುದಿಲ್ಲ, ಓಡುತ್ತದೆ. ನಮ್ಮ ಬಾವಿ-ಬೋರಿನ ಸೆಲೆಯೂ ಅದೇ ಬಿರುಕು.

“ಟ್ಯಾಂಕು ಕಟ್ಟಿಸಿ ಇಪ್ಪತ್ತು ವರ್ಷ ಆತ್ರಿ ಕಾಕಾ, ಒಮ್ಮಿಯೂ ತುಂಬಿಲ್ಲ” ಎಂದು ಹೆಮ್ಮೆ ಪಡುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಇದು ಹೆಮ್ಮೆಯ ಮಾತಲ್ಲ. ಸರಿಯಾದ ಟ್ಯಾಂಕಿನಲ್ಲಿ ನೀರು ಸದಾ ಹೊರಹೋಗುವ ಪೈಪಿನ ಮಟ್ಟಕ್ಕೆ ನಿಂತಿರುತ್ತದೆ. ತಳದಲ್ಲಿ ಕೂತ ರಾಡಿಯನ್ನು ಎರಡು-ಮೂರು ವರ್ಷಕ್ಕೊಮ್ಮೆ ಗಾಡಿ ತರಿಸಿ ತೆಗೆಸಬೇಕಾಗುತ್ತದೆ. ನೀರು ಪೈಪಿಗಿಂತ ಕೆಳಗೆ ಇಳಿದಿದ್ದರೆ ಟ್ಯಾಂಕು ಒಡೆದಿದೆ, ಇಲ್ಲವೆ ತಳಕ್ಕೆ ಕಾಂಕ್ರೀಟ್ ಹಾಕಿಯೇ ಇಲ್ಲ. ಇಪ್ಪತ್ತು ವರ್ಷದ ಹೊಲಸು ಎಲ್ಲಿ ಹೋಯಿತು? ಯಾರದೋ ಕೊಡಕ್ಕೆ ಹೋಯಿತು. ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರಿಗೆ ಖೋಲಿ ಬಾಡಿಗೆ ಕೊಡುವ ವ್ಯಾಪಾರಿ ಬಂಧುಗಳೂ ಇದನ್ನು ಗಮನಿಸಬೇಕು. ಐದು ಜನರಿಗೆ ಕಟ್ಟಿದ ಟ್ಯಾಂಕು ಇಪ್ಪತ್ತೈದು ಜನರನ್ನು ತಾಳುವುದಿಲ್ಲ.

ಆದ್ದರಿಂದ ಮಿರಗದ ಮಳೆಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ನಾವೇ ತಪಾಸಣೆ ಮಾಡಿಕೊಳ್ಳೋಣ. ಬಾವಿ ಕಟ್ಟೆ ಸೀಳಿದೆಯೇ? ಬೋರಿನ ಕೇಸಿಂಗ್ ಪೈಪು ನೆಲದ ಮೇಲೆ ಎದ್ದು ನಿಂತಿದೆಯೇ, ಸುತ್ತ ಸಿಮೆಂಟ್ ಕಟ್ಟೆ ಇದೆಯೇ, ಬಚ್ಚಲ ನೀರು ಅಲ್ಲೇ ನಿಲ್ಲುತ್ತದೆಯೇ? ಟ್ಯಾಂಕಿನ ಮುಚ್ಚಳ ತೆಗೆದಾಗ ಬಗ್ಗಿ ನೋಡಬೇಡಿ, ಬೀಡಿ ಹಚ್ಚಬೇಡಿ. ಉದ್ದನೆಯ ಕೋಲು ಇಳಿಸಿ ಮಟ್ಟ ನೋಡಿ. ಆಳು ಇಳಿಸುವುದಂತೂ ಬೇಡವೇ ಬೇಡ. ಅಲ್ಲಿಯ ಗ್ಯಾಸಿಗೆ ಒಂದೇ ಉಸಿರಿನಲ್ಲಿ ಜೀವ ಹೋಗುತ್ತದೆ. ರಕ್ಷಣಾ ಸಾಮಗ್ರಿ ಇಲ್ಲದೆ ಆಳು ಇಳಿಸುವುದು 2013ರ ಕಾಯ್ದೆಯಂತೆ ಗುನ್ಹೆಯೂ ಹೌದು.

ಬಾವಿಗೆ ಟಿ.ಸಿ.ಎಲ್. ಪುಡಿ ಹಾಕುವುದಕ್ಕೂ ಲೆಕ್ಕವಿದೆ. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ತಾಜಾ ಪುಡಿ. 3 ಮೀಟರ್ ಅಗಲದ ದುಂಡು ಬಾವಿಯಲ್ಲಿ 4 ಮೀಟರ್ ನೀರಿದ್ದರೆ 28 ಸಾವಿರ ಲೀಟರ್, ಅಂದರೆ 70 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ನೀರನ್ನು ಬಾವಿಗೆ ಸುರಿದು ಒಂದು ತಾಸು ಬಿಡಬೇಕು. ಬಹಳ ಕೆಟ್ಟ ನೀರಿಗೆ ಇಷ್ಟು ಸಾಲದು; ಆರೋಗ್ಯ ಸೇವಕರನ್ನು ಕೇಳಿ. ಗುಂಡಿ ಸೋರುತ್ತಲೇ ಇದ್ದರೆ ಎಷ್ಟು ಪುಡಿ ಹಾಕಿದರೂ ವ್ಯರ್ಥ. ಇನ್ನು ಗುಂಡಿಯಿಂದಲೂ ಹೊಲದ ಯೂರಿಯಾದಿಂದಲೂ ಬರುವ ನೈಟ್ರೇಟು ಪುಡಿಗೂ ಹೋಗುವುದಿಲ್ಲ, ಕಾಯಿಸಿದರೂ ಹೋಗುವುದಿಲ್ಲ. ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಹಸುಗೂಸಿಗೆ ಅಪಾಯ. ಬಾಟಲಿ ಇದನ್ನು ತೋರಿಸದು, ಲ್ಯಾಬಿಗೇ ಕೊಡಬೇಕು. ಜಲಜೀವನ ಮಿಷನ್ನಿನಲ್ಲಿ ಸರಕಾರಿ ನೀರಿನ ಲ್ಯಾಬುಗಳನ್ನು 2021ರಲ್ಲಿ ಸಾಮಾನ್ಯರಿಗೂ ತೆರೆದಿದ್ದಾರೆ.

ಈಗ ಸರಕಾರಕ್ಕೆ ಒಂದು ಮಾತು. ಮಹಾರಾಷ್ಟ್ರದಲ್ಲಿ ಊರಿನ ಸಾರ್ವಜನಿಕ ನೀರನ್ನು ವರ್ಷಕ್ಕೆ ಎರಡು ಸಲ ನೋಡಿ ಗ್ರಾಮ ಪಂಚಾಯತಿಗೆ ಕೆಂಪು, ಹಳದಿ, ಹಸಿರು ಕಾರ್ಡು ಕೊಡುವ ಪದ್ಧತಿ ಇದೆ. ಒಳ್ಳೆಯದೇ. ಆದರೆ ಹಿತ್ತಲ ಬಾವಿಗೆ ಕಾರ್ಡು ಕೊಡುವವರು ಯಾರು? ಅದೇ ಸುತ್ತಿನಲ್ಲಿ, ಕೇಳಿದವರ ಮನೆ ಬಾವಿಯನ್ನೂ ನೋಡಲಿ. ಊರಿನ ಬಾವಿ, ಬೋರು, ಗುಂಡಿ ಎಲ್ಲವನ್ನೂ ಒಂದೇ ನಕಾಶೆಯಲ್ಲಿ ಬರೆದು ಪಂಚಾಯತಿ ಗೋಡೆಗೆ ಹಚ್ಚಲಿ. ಹೊಸ ಮನೆಗೆ ಪರವಾನಗಿ ಕೊಡುವಾಗ ಬಾಜೂ ಮನೆಯ ಬಾವಿ ಎಲ್ಲಿದೆ ಎಂದು ನೋಡಲಿ.

ನಾವು ಮೂರು ಮನೆಯವರು ಅದಕ್ಕಾಗಿ ಕಾಯಲಿಲ್ಲ. ಕೂತು ಮಾತಾಡಿ, ಟ್ಯಾಂಕುಗಳಿಗೆ ತಳ ಹಾಕಿಸಿ, ಹೊರಹೋಗುವ ನೀರಿಗೆ ಹೊಲದ ತಗ್ಗಿನಲ್ಲಿ ದೂರ ಒಂದು ಇಂಗುಗುಂಡಿ ಮಾಡಿಸಿದೆವು. ಖರ್ಚು ಮೂರು ಪಾಲು. ಎರಡನೇ ಬಾಟಲಿಯೂ ಕಪ್ಪಾಯಿತು, ಮೂರನೆಯದು ಆಗಲಿಲ್ಲ. ಕುಡಿಯಲು ಇಂದಿಗೂ ಕಾಯಿಸಿದ ನೀರೇ.

ನಾನು ಎರಡು ಭಾಷೆಯಲ್ಲಿ ಪದ್ಯ ಕಟ್ಟುವವನು. ಬಾವಿಗೆ ಕನ್ನಡದಲ್ಲೂ ಬಾವಿ, ತೆಲುಗಿನಲ್ಲೂ ಬಾವಿ; ಮರಾಠಿಯ ಬಂಧುಗಳು ವಿಹೀರ್ ಅಂತಾರೆ. ಕೆಳಗಿನ ಸೆಲೆಗೆ ಈ ಭೇದವಿಲ್ಲ, ನಾವು ಕಟ್ಟಿದ ಕಂಪೌಂಡೂ ಅದಕ್ಕೆ ಕಾಣುವುದಿಲ್ಲ. ಸಿದ್ಧರಾಮ ಕೆರೆ ಕಟ್ಟಿಸಿದ ಊರು ಸೊಲ್ಲಾಪುರ. ಊರಿಗೆಲ್ಲ ಕೆರೆ ಕಟ್ಟಿಸುವ ಶಕ್ತಿ ನಮಗಿಲ್ಲದಿರಬಹುದು. ಬಾಜೂ ಮನೆಯವನ ಬಾವಿ ಕೆಡಿಸದಷ್ಟು ಎಚ್ಚರವಾದರೂ ಇರಲಿ. ಮೊದಲು ನಿಮ್ಮ ಗುಂಡಿಯಿಂದಲೇ ಟೇಪು ಹಿಡಿಯಿರಿ.