ಕಂಪನಿಯ ಅಂಗಳದಲ್ಲಿ ಜಿಲ್ಲೆಯ ವಿಮಾನ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಬಸ್ಸು ತೋರಣಗಲ್ಲು ಸಮೀಪಿಸಿತೆಂದರೆ ಕಿಟಕಿ ಪಕ್ಕ ಕೂತವರಿಗೆ ಕಾರ್ಖಾನೆಯ ಚಿಮಣಿ ಕಾಣುತ್ತದೆ. ಅದೃಷ್ಟವಿದ್ದರೆ ಇಳಿಯುತ್ತಿರುವ ವಿಮಾನವೂ ಕಂಡೀತು. "ಯಾರದ್ರೀ ಅದು?" ಎಂದು ಯಾರಾದರೂ ಕೇಳಿದರೆ ಕಂಡಕ್ಟರ್ ಟಿಕೇಟು ಹರಿಯುತ್ತಲೇ "ಜಿಂದಾಲ್‌ದು" ಅಂದುಬಿಡುತ್ತಾನೆ. ಉತ್ತರ ಅರ್ಧ ಸರಿ. ಟಿಕೇಟು ಕೊಂಡವರನ್ನು ಹೊತ್ತು ಬರುವ ವಿಮಾನ ಬೇರೆಯವರದು. ಅದು ಇಳಿಯುವ ನೆಲ ಮಾತ್ರ ಜಿಂದಾಲ್ ಕಂಪನಿಯದು. ಬಳ್ಳಾರಿ, ವಿಜಯನಗರ ಎಂಬ ಎರಡು ಜಿಲ್ಲೆಗಳ ಜನ ವಿಮಾನ ಹತ್ತಬೇಕೆಂದರೆ ಒಂದು ಉಕ್ಕಿನ ಕಂಪನಿಯ ಬಾಗಿಲಿಗೇ ಹೋಗಬೇಕು.

ತೋರಣಗಲ್ಲಿನ ಚರಿತ್ರೆ ಬಲ್ಲ ಹಿರಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಇಲ್ಲಿಗೇ ಬಂದು ಸರ್ಕಾರಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಭಾಷಣವಾಯಿತು, ಹಾರತುರಾಯಿ ಆಯಿತು. ಕಾರ್ಖಾನೆ ಮಾತ್ರ ಬರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಬಾಯಿ ಬಿಟ್ಟುಕೊಂಡು ಕಾದ ಮೇಲೆ, 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಎಂಬ ಖಾಸಗಿ ಕಂಪನಿ ಹುಟ್ಟಿತು. ಕುಲುಮೆ ಹೊತ್ತಿತು, ನೌಕರರಿಗೆ ವಿದ್ಯಾನಗರ ಎಂಬ ಊರೇ ಎದ್ದಿತು. ವಿಮಾನದ ರನ್‌ವೇಯನ್ನೂ ಕಂಪನಿ ತನ್ನ ಅಗತ್ಯಕ್ಕೆ ಕಟ್ಟಿಕೊಂಡಿತು. ತಪ್ಪೇನಿಲ್ಲ. ಸಾಹುಕಾರ ತನ್ನ ಹೊಲಕ್ಕೆ ಬಾವಿ ತೋಡಿದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಊರಿಗೆಲ್ಲ ಅದೊಂದೇ ಬಾವಿ ಎಂದಾದರೆ, ಪಂಚಾಯಿತಿಯವರು ಏನು ಮಾಡುತ್ತಿದ್ದರು ಎಂದು ಕೇಳಲೇಬೇಕಾಗುತ್ತದೆ.

2017ರಲ್ಲಿ ಕೇಂದ್ರದ ಉಡಾನ್ ಯೋಜನೆ ಬಂತು. ಆ ವರ್ಷದ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಟ್ರೂಜೆಟ್ ಕಂಪನಿಯ ವಿಮಾನ ವಿದ್ಯಾನಗರಕ್ಕೆ ಇಳಿಯತೊಡಗಿತು. ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಹೈದರಾಬಾದು. ರಾತ್ರಿಯೆಲ್ಲ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಮೈ ಮುದುರಿ ಹೋಗುತ್ತಿದ್ದ ಜೀನ್ಸ್ ವ್ಯಾಪಾರಿ, ಗಂಟೆಯೊಳಗೆ ಬೆಂಗಳೂರು ಕಾಣಬಹುದಾಯಿತು.

ಇಲ್ಲಿ ಓದುಗರು ಗಮನಿಸಬೇಕಾದ ಲೆಕ್ಕ ಒಂದಿದೆ. ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂದು ಉಡಾನ್ ಶುರುವಿನಲ್ಲಿ ದರ ಕಟ್ಟಿತಲ್ಲ, ಅದು ವಿಮಾನದ ಅರ್ಧದಷ್ಟು ಸೀಟುಗಳಿಗೆ ಮಾತ್ರ. ಅದರಿಂದಾಗುವ ನಷ್ಟ ತುಂಬಲು ಮೂರು ವರ್ಷ ಸಹಾಯಧನ. ಅದರಲ್ಲಿ ನೂರಕ್ಕೆ 20 ರಾಜ್ಯ ಸರ್ಕಾರದ ಪಾಲು. ಉಳಿದದ್ದಕ್ಕೆ ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಸುಂಕ. ವಿಮಾನದ ಇಂಧನದ ಮೇಲಿನ ತೆರಿಗೆಯನ್ನು ರಾಜ್ಯ ಶೇಕಡಾ 1ಕ್ಕೆ ಇಳಿಸಬೇಕು. ಪೊಲೀಸು, ಅಗ್ನಿಶಾಮಕ ಸೇವೆ ಪುಕ್ಕಟೆ ಕೊಡಬೇಕು. ಅಂದರೆ ವಿಮಾನ ಹತ್ತದವನ ದುಡ್ಡೂ ಅದರಲ್ಲಿ ಸೇರಿದೆ. ನೆಲ ಖಾಸಗಿಯದಾದರೂ ಬೊಕ್ಕಸ ಎಲ್ಲರದು. ಮೂರು ವರ್ಷ ಮುಗಿಯುವ ಹೊತ್ತಿಗೆ ಕೊರೋನಾ ಬಂತು. 2022ರಲ್ಲಿ ಟ್ರೂಜೆಟ್ ಹಾರಾಟ ನಿಲ್ಲಿಸಿಯೇಬಿಟ್ಟಿತು. ಆಮೇಲೆ ಬೇರೆಯವರ ವಿಮಾನ ಬಂದದ್ದು ನಿಜ. ಆದರೆ ಸಹಾಯಧನ ನೆಚ್ಚಿಕೊಂಡು ಬಂದ ವಿಮಾನ ಯಾವತ್ತು ಗಂಟುಮೂಟೆ ಕಟ್ಟುತ್ತದೋ ಎಂಬ ಅಂಜಿಕೆ ಹಂಪಿಯ ಪ್ರವಾಸಿಗಳನ್ನು ನಂಬಿ ಲಾಡ್ಜ್ ಕಟ್ಟಿದವರಿಗೆ ಇದ್ದೇ ಇರುತ್ತದೆ.

ಹಾಗಾದರೆ ಸರ್ಕಾರದ ವಿಮಾನ ನಿಲ್ದಾಣ ಎಲ್ಲಿ? ಅದು ಚಾಗನೂರಿನಲ್ಲಿದೆ, ಕಾಗದದ ಮೇಲೆ. ಬಳ್ಳಾರಿ ಸಮೀಪದ ಚಾಗನೂರು, ಸಿರಿವಾರಗಳ ನೂರಾರು ಎಕರೆ ಜಮೀನಿನ ಮೇಲೆ ಸರ್ಕಾರ ಕಣ್ಣು ಹಾಕಿದಾಗ, ನೀರಾವರಿ ಭೂಮಿ ಬಿಡೆವೆಂದು ರೈತರು ದೊಡ್ಡ ಹೋರಾಟವನ್ನೇ ಮಾಡಿದರು. 2010ರ ಸುಮಾರಿಗೆ ಚೆನ್ನೈನ ಮಾರ್ಗ್ ಕಂಪನಿಗೆ ಕೆಲಸ ವಹಿಸಿದ್ದೂ ಆಯಿತು. ಇವತ್ತಿನವರೆಗೆ ಅಲ್ಲಿ ಒಂದು ವಿಮಾನ ಇಳಿದಿಲ್ಲ. ಅತ್ತ ಬೆಳೆಯೂ ಹೋಯಿತು, ಇತ್ತ ವಿಮಾನವೂ ಇಲ್ಲ ಎನ್ನುವ ಸ್ಥಿತಿ ರೈತನಿಗೆ ಬರುವುದಾದರೆ ಅದಕ್ಕೆ ಹೊಣೆ ಯಾರು?

ಆಗುವುದೇ ಇಲ್ಲವೆಂದರೆ ಸುಮ್ಮನಿರಬಹುದಿತ್ತು. ಕಲಬುರಗಿ, ಶಿವಮೊಗ್ಗಗಳ ನಿಲ್ದಾಣಗಳನ್ನೂ ಮೊದಲು ಖಾಸಗಿಯವರಿಗೇ ವಹಿಸಲಾಗಿತ್ತು, ಅವೂ ನಡುವೆಯೇ ನಿಂತವು. ಕೊನೆಗೆ ಸರ್ಕಾರವೇ ಕೈ ಹಾಕಿ ಕಲಬುರಗಿಯದನ್ನು 2019ರಲ್ಲಿ, ಶಿವಮೊಗ್ಗದ್ದನ್ನು 2023ರಲ್ಲಿ ತೆರೆಯಿತು. ಅಲ್ಲಿ ಆದದ್ದು ಇಲ್ಲಿ ಏಕೆ ಆಗಲಿಲ್ಲ? ಪಕ್ಕದಲ್ಲಿ ಜಿಂದಾಲ್ ರನ್‌ವೇ ಇದೆಯಲ್ಲ, ಅವಸರವೇನು ಎಂಬ ಉದಾಸೀನವೇ ಕಾರಣವಾದರೆ, ಕಂಪನಿಯ ಅನುಕೂಲ ಸರ್ಕಾರದ ಸೋಮಾರಿತನಕ್ಕೆ ದಿಂಬಾಯಿತು ಎನ್ನಬೇಕು.

ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ನಾಳೆ ಅದಕ್ಕೆ ತನ್ನ ರನ್‌ವೇ ತನಗೇ ಬೇಕೆನಿಸಿದರೆ ಜಿಲ್ಲೆಯ ಗತಿಯೇನು ಎಂದು ಯೋಚಿಸಬೇಕಾದವರು ವಿಧಾನಸೌಧದಲ್ಲಿದ್ದಾರೆ. ಚಾಗನೂರಿನ ಫೈಲು ಯಾವ ಮೇಜಿನ ಮೇಲೆ ಮಲಗಿದೆ, ನಿಲ್ದಾಣ ಕಟ್ಟುತ್ತೀರೋ ಇಲ್ಲವೋ, ಕಟ್ಟದಿದ್ದರೆ ಆ ಜಮೀನನ್ನು ಏನು ಮಾಡುತ್ತೀರಿ ಎಂಬುದನ್ನು ಜಿಲ್ಲಾ ಉಸ್ತುವಾರಿ ಮಂತ್ರಿಗಳು ಮುಂದಿನ ಸಭೆಯಲ್ಲಿ ಬಾಯಿಬಿಟ್ಟು ಹೇಳಲಿ. ಅಲ್ಲಿಯವರೆಗೆ ಸಾರಿಗೆ ಸಂಸ್ಥೆಯವರು ಒಂದು ಸಣ್ಣ ಕೆಲಸ ಮಾಡಬಹುದು: ಬಳ್ಳಾರಿ, ಹೊಸಪೇಟೆ ಬಸ್ ನಿಲ್ದಾಣಗಳಲ್ಲಿ ವಿದ್ಯಾನಗರದ ವಿಮಾನ ಬರುವ, ಹೋಗುವ ವೇಳೆಯನ್ನೂ ಅದಕ್ಕೆ ಹೊಂದುವ ಬಸ್ಸಿನ ವೇಳೆಯನ್ನೂ ಒಂದೇ ಬೋರ್ಡಿನ ಮೇಲೆ ಬರೆಸಿ ಹಾಕಲಿ.