ಬಾಯಿ, ಬೆರಳು, ತಂತಿ
ಕಛೇರಿಯ ಫೋಟೊಗ್ರಾಫರ್ ಎಂದರೆ ವೇದಿಕೆಯ ಕೆಳಗೆ ಕ್ಯಾಮೆರಾ ಹಿಡಿದು ಓಡಾಡುವವನು. ನ್ಯೂಯಾರ್ಕಿನ ಫಿಲ್ ನಿಬ್ಲಾಕ್ ಮಾತ್ರ ಕಛೇರಿಯನ್ನೇ ತಮ್ಮ ಮನೆಗೆ ಕರೆತಂದರು. ಇಂಡಿಯಾನಾದಲ್ಲಿ 1933ರಲ್ಲಿ ಹುಟ್ಟಿ, 1958ರಲ್ಲಿ ಆ ನಗರ ಸೇರಿದ ಅವರು ಮೊದಲು ತೆಗೆದದ್ದು ಡ್ಯೂಕ್ ಎಲಿಂಗ್ಟನ್ನರಂಥ ಜಾಝ್ ಕಲಾವಿದರ ಫೋಟೊಗಳನ್ನು. ಆಮೇಲೆ ಸಿನಿಮಾದತ್ತ ಹೊರಳಿ, 1960ರ ದಶಕದಲ್ಲಿ ಜಾಝ್ ಕಲಾವಿದ ಸನ್ ರಾ ಅವರ ಮೇಳದ ಬಗ್ಗೆ ‘ದಿ ಮ್ಯಾಜಿಕ್ ಸನ್’ ಎಂಬ ಪುಟ್ಟ ಕಪ್ಪುಬಿಳುಪು ಚಿತ್ರ ಮಾಡಿದರು. ಅದರಲ್ಲಿ ವೇದಿಕೆಯೂ ಇಲ್ಲ, ಪ್ರೇಕ್ಷಕರೂ ಇಲ್ಲ. ನೆಗೆಟಿವ್‌ನಂತೆ ಕಪ್ಪುಬಿಳುಪು ತಿರುಗುಮುರುಗಾದ ತೆರೆಯ ತುಂಬ ತುಟಿ, ಬೆರಳು, ವಾದ್ಯದ ಅಂಚು. ಯಾರು ನುಡಿಸುತ್ತಿದ್ದಾರೆಂದು ಗುರುತು ಹತ್ತುವುದೇ ಕಷ್ಟ. ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿಯದೆಯೇ ಸಂಯೋಜಕರಾದ ನಿಬ್ಲಾಕ್, 1973ರಿಂದ ಸೆಂಟರ್ ಸ್ಟ್ರೀಟಿನ ತಮ್ಮ ಮಹಡಿಯಲ್ಲಿ ಪ್ರಯೋಗಶೀಲ ಸಂಗೀತಗಾರರ ಕಛೇರಿಗಳನ್ನು ಏರ್ಪಡಿಸತೊಡಗಿದರು. ದೊಡ್ಡ ಸಭಾಂಗಣಗಳು ಬಾಗಿಲು ತೆರೆಯದವರಿಗೆ ಅಲ್ಲಿ ಜಾಗವಿತ್ತು. ಬರೀ ಜಾಗವಲ್ಲ, ದಾಖಲೆಯೂ ಸಿಗುತ್ತಿತ್ತು. ಕ್ಯಾಲಿಫೋರ್ನಿಯಾದ ಅಲಿ ಅಕ್ಬರ್ ಖಾನರ ಸಂಗೀತ ಕಾಲೇಜಿನಲ್ಲಿ ಹಿಂದೆ ಕಲಿತಿದ್ದ ಆರ್ಥರ್ ರಸೆಲ್ 1985ರಲ್ಲಿ ಚೆಲ್ಲೊ ನುಡಿಸುತ್ತ ಒಬ್ಬರೇ ಹಾಡಿದಾಗ, ನಿಬ್ಲಾಕರ ಕ್ಯಾಮೆರಾ ಅವರ ಬಾಯಿ ಮತ್ತು ತಂತಿಗಳಿಗೆ ಅಂಟಿಕೊಂಡೇ ನಿಂತಿತು. ರಸೆಲ್ 1992ರಲ್ಲಿ, ನಲವತ್ತರ ವಯಸ್ಸಿನಲ್ಲಿ ಏಡ್ಸ್‌ಗೆ ಬಲಿಯಾದರು. ಬದುಕಿದ್ದಾಗ ಅಷ್ಟಾಗಿ ಹೆಸರು ಮಾಡದ ಅವರ ಸಂಗೀತವನ್ನು ಹೊಸ ತಲೆಮಾರು ಹುಡುಕಿಕೊಂಡು ಬಂದಾಗ, ಆ ದೃಶ್ಯಗಳು ನೋಡಲು ಸಿಕ್ಕವು. ನಿಬ್ಲಾಕ್ 2024ರ ಜನವರಿಯಲ್ಲಿ, ತೊಂಬತ್ತು ತುಂಬಿದ ಮೇಲೆ, ತೀರಿಕೊಂಡರು.