ಕಲ್ಲಚ್ಚಿನಲ್ಲಿ ಬಂದ ಕಾದಂಬರಿ

ಚೀನಾದ ಮಹಾಕಾದಂಬರಿ 'ಕೆಂಪು ಮಹಲಿನ ಕನಸು' ಬರೆದ ತ್ಸಾವ್ ಶ್ವೇಚಿನ್ 1760ರ ದಶಕದಲ್ಲಿ ತೀರಿಕೊಂಡಾಗ ಅದರ ಒಂದು ಪುಟವೂ ಅಚ್ಚಾಗಿರಲಿಲ್ಲ. ಕೈಬರಹದ ನಕಲುಗಳೇ ಓದುಗರಿಂದ ಓದುಗರಿಗೆ ಸಾಗುತ್ತಿದ್ದವು. ಮರದ ಬಿಡಿ ಮೊಳೆಗಳಿಂದ ಅದು ಮೊದಲು ಅಚ್ಚಾದದ್ದು 1791ರಲ್ಲಿ.

ಅಚ್ಚಿನ ತವರಾದ ಚೀನಾದಲ್ಲೇ ಹೀಗೇಕೆ? ಬಿ ಷೆಂಗ್ ಎಂಬಾತ 1040ರ ದಶಕದಲ್ಲೇ ಸುಟ್ಟ ಮಣ್ಣಿನ ಮೊಳೆಗಳನ್ನು ಮಾಡಿದ್ದನಲ್ಲ! ತೊಡಕು ಇದ್ದದ್ದು ಲಿಪಿಯಲ್ಲಿ. ಚೀನೀ ಅಕ್ಷರಗಳು ಸಾವಿರಾರು. ಒಂದೊಂದನ್ನೂ ಹುಡುಕಿ ಜೋಡಿಸುವುದಕ್ಕಿಂತ ಇಡೀ ಪುಟವನ್ನು ಮರದ ಹಲಗೆಯಲ್ಲಿ ಕೆತ್ತುವುದೇ ವಾಸಿ ಎನಿಸಿತು. ಆದರೆ 120 ಅಧ್ಯಾಯಗಳ ಕಾದಂಬರಿಗೆ ಎಷ್ಟು ಹಲಗೆ ಬೇಕು, ಊಹಿಸಿ.

ಈ ಗೋಳನ್ನು ತಪ್ಪಿಸಿದ್ದು ಜರ್ಮನಿಯಲ್ಲಿ ಹುಟ್ಟಿದ ಕಲ್ಲಚ್ಚು. (1843ರಲ್ಲಿ ನಮ್ಮ 'ಮಂಗಳೂರು ಸಮಾಚಾರ' ಹೊರಬಂದದ್ದೂ ಕಲ್ಲಚ್ಚಿನಲ್ಲೇ.) ಶಾಂಘೈನಲ್ಲಿ 'ಷೆನ್‌ಪಾವ್' ಪತ್ರಿಕೆ ನಡೆಸುತ್ತಿದ್ದ ಇಂಗ್ಲಿಷ್ ವ್ಯಾಪಾರಿ ಅರ್ನೆಸ್ಟ್ ಮೇಜರ್ 1870ರ ದಶಕದ ಕೊನೆಯಲ್ಲಿ ಇಂಥದೊಂದು ಮುದ್ರಣಾಲಯ ತೆರೆದ. ಹಳೆಯ ಪುಸ್ತಕದ ಪುಟದ ಫೋಟೋ ತೆಗೆದು, ಕುಗ್ಗಿಸಿ, ಜಿಡ್ಡಿನ ಮಸಿಯಲ್ಲಿ ಕಲ್ಲಿಗೆ ಇಳಿಸುವುದು. ಕಲ್ಲಿಗೆ ನೀರು ಸವರಿದರೆ ಜಿಡ್ಡಿರುವಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಕೆತ್ತುವವರೂ ಬೇಡ, ಜೋಡಿಸುವವರೂ ಬೇಡ. ಚಿತ್ರಗಳೂ ಸಲೀಸು.

ಇದರ ಲಾಭ ಮೊದಲು ಸಿಕ್ಕಿದ್ದು ಸರ್ಕಾರಿ ಹುದ್ದೆಯ ಪರೀಕ್ಷೆಗೆ ಕೂರುತ್ತಿದ್ದ ಯುವಕರಿಗೆ. ನಿಘಂಟು, ಮಾದರಿ ಪ್ರಬಂಧಗಳು ಅಂಗೈಗಾತ್ರದಲ್ಲಿ ಬಂದವು. ಕೆಲವರು ಅವನ್ನು ಬಟ್ಟೆಯೊಳಗೆ ಅಡಗಿಸಿಕೊಂಡು ಪರೀಕ್ಷೆಗೆ ಹೋಗುತ್ತಿದ್ದರು. ಕಾಪಿ ಹೊಡೆಯುವುದು ನಿನ್ನೆ ಮೊನ್ನೆಯ ವಿದ್ಯೆಯಲ್ಲ!

ಅದೇ ಗಿರಾಕಿಗಳಿಗೆ ಕಾದಂಬರಿಯೂ ಬೇಕಿತ್ತು. 1868ರಲ್ಲಿ ಜಿಯಾಂಗ್ಸು ಪ್ರಾಂತದ ಅಧಿಕಾರಿ ದಿಂಗ್ ರಿಛಾಂಗ್ ನೂರಾರು ಕೃತಿಗಳನ್ನು ನಿಷೇಧಿಸಿದ್ದ. 'ಕೆಂಪು ಮಹಲಿನ ಕನಸು' ಕೂಡ ಆ ಪಟ್ಟಿಯಲ್ಲಿತ್ತು. 1880ರ ದಶಕದಲ್ಲಿ ಶಾಂಘೈನ ಮುದ್ರಕರು ಅದಕ್ಕೆ 'ಚಿನ್ನ-ಜೇಡ್‌ಗಳ ನಂಟು' ಎಂಬ ಬೇರೆ ಹೆಸರಿಟ್ಟು ಕಲ್ಲಚ್ಚಿನಲ್ಲಿ ಮಾರಿದರು. ಅಕ್ಷರ ಎಷ್ಟು ಸಣ್ಣದಿತ್ತೆಂದರೆ ಕಣ್ಣಿಗೆ ಕೇಡು. ಆದರೂ ಜನ ಕೊಂಡರು.

ಹಳೆಯ ಕೃತಿಗಳಷ್ಟೇ ಅಲ್ಲ. ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ನಪಾಸಾದ ಹಾನ್ ಬಾಂಗ್‌ಛಿಂಗ್ 1892ರಲ್ಲಿ ತನ್ನದೇ ಕಥಾಪತ್ರಿಕೆ ಆರಂಭಿಸಿ, ಶಾಂಘೈನ ವೇಶ್ಯಾವಾಟಿಕೆಗಳ ಬದುಕಿನ ಕಾದಂಬರಿಯನ್ನು ಚಿತ್ರಸಹಿತ ಕಂತುಗಳಲ್ಲಿ ಪ್ರಕಟಿಸಿದ. ಅಚ್ಚಾಗುತ್ತಿದ್ದದ್ದು ಮೇಜರ್ ಸ್ಥಾಪಿಸಿದ ಕಲ್ಲಚ್ಚಿನ ಮುದ್ರಣಾಲಯದಲ್ಲಿ. ಸಂಭಾಷಣೆಯೆಲ್ಲ ಸುಝೌ ಸೀಮೆಯ ಆಡುಮಾತು. ಬೇರೆ ಪ್ರಾಂತದವರಿಗೆ ಅರ್ಥವಾಗುವುದು ಕಷ್ಟ. ಪತ್ರಿಕೆ ಬಹುಕಾಲ ಉಳಿಯಲಿಲ್ಲ. 1894ರಲ್ಲಿ 64 ಅಧ್ಯಾಯಗಳ ಪೂರ್ಣ ಕಾದಂಬರಿ ಪುಸ್ತಕವಾಯಿತು; ಅದೇ ವರ್ಷ ಲೇಖಕ ತೀರಿಕೊಂಡ. 1998ರಲ್ಲಿ ತೈವಾನಿನ ನಿರ್ದೇಶಕ ಹೌ ಶಿಯಾವೊ ಶಿಯೆನ್ ಅದನ್ನು 'ಶಾಂಘೈನ ಹೂಗಳು' ಎಂಬ ಚಲನಚಿತ್ರ ಮಾಡಿದರು.